ಆ ಬಂಡೆಯನ್ನು ಮೇಲಕ್ಕೆ ಏರಿಸಿದವರು ಯಾರು?

ಹಂಪಿ ನೋಡಿದ್ದೀರಾ? ನೋಡಿದ್ದರೆ ನಿಮಗೊಂದು ಪ್ರಶ್ನೆ. ಮಾತಂಗ ಬೆಟ್ಟದ ನೆತ್ತಿಯಲ್ಲಿ, ಹೇಮಕೂಟದ ಮಗ್ಗುಲಲ್ಲಿ, ಆನೆಗೊಂದಿಯ ದಾರಿಯುದ್ದಕ್ಕೂ ಮನೆ ಗಾತ್ರದ ಗುಂಡುಗಳು ಒಂದರ ತಲೆಯ ಮೇಲೊಂದು ಕೂತಿವೆಯಲ್ಲ, ಅವನ್ನು ಅಲ್ಲಿಗೆ ಏರಿಸಿದವರು ಯಾರು?

ವಾಲಿ ಸುಗ್ರೀವರು ಕಾದಾಡುತ್ತ ಎಸೆದದ್ದು ಅನ್ನುತ್ತದೆ ಊರಿನ ಕಥೆ. ಸೊಗಸಾಗಿದೆ! ಆದರೆ ಬೇರೆ ಉತ್ತರ ಹುಡುಕಿ. ಭೂಕಂಪ? ಅಲ್ಲ. ಜ್ವಾಲಾಮುಖಿ? ಅಲ್ಲವೇ ಅಲ್ಲ. ಹೊಳೆಯ ಪ್ರವಾಹ ಉರುಳಿಸಿ ತಂದಿತೆ? ಊಹೂಂ. ಇನ್ನೊಂದು ಸಲ ಯೋಚಿಸಿ.

ಸೋತಿರಾ? ಹೇಳಿಬಿಡುತ್ತೇನೆ. ಯಾರೂ ಏರಿಸಲಿಲ್ಲ! ಬಂಡೆ ಇದ್ದಲ್ಲೇ ಇತ್ತು. ಇಳಿದುಹೋದದ್ದು ಅದರ ಸುತ್ತಲಿನ ನೆಲ!

ಹೌದು. ಈ ಗುಂಡುಗಳಲ್ಲಿ ಬಹುಪಾಲು ದುಂಡಗಾದದ್ದು ನೆಲದೊಳಗೆ. ಬೆಳಕಿಲ್ಲದ, ಸದಾ ಒದ್ದೆಯಾದ ಜಾಗದಲ್ಲಿ. ಅವುಗಳ ಸುತ್ತಲಿನ ಕಲ್ಲು ಕೊಳೆತು ಮಣ್ಣಾಯಿತು. ಕಲ್ಲು ಕೊಳೆಯುತ್ತದೆಯೆ ಎಂದು ಹುಬ್ಬೇರಿಸಬೇಡಿ. ಧಾರಾಳವಾಗಿ ಕೊಳೆಯುತ್ತದೆ! ಆ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಯಿತು. ಕೊಳೆಯದೆ ಉಳಿದ ತಿರುಳಿನ ಎದುರು ನಾವು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೇವೆ.

ಈ ಕಲ್ಲಿಗೆ ವಯಸ್ಸೆಷ್ಟು? ಲಕ್ಷ ವರ್ಷ? ಏರಿಸಿ. ಕೋಟಿ? ಇನ್ನೂ ಏರಿಸಿ. ಸುಮಾರು 250 ಕೋಟಿ ವರ್ಷ! ಡೈನೋಸಾರುಗಳು ಅಳಿದು ಬರೀ 6.6 ಕೋಟಿ ವರ್ಷ ಆಯಿತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಈ ಗ್ರಾನೈಟ್ ಪಟ್ಟೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ದಕ್ಷಿಣಕ್ಕೆ ಸಾಗಿ ರಾಮನಗರದ ಕಡೆ ತಲೆ ಎತ್ತುತ್ತದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಅದು. ಅಂದರೆ, 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ಗರ್ಜಿಸಿದ ಬಂಡೆಯೂ ವಿರೂಪಾಕ್ಷನ ನೆರೆಯ ಬಂಡೆಯೂ ಒಂದೇ ಮನೆತನ!

ಹುಟ್ಟಿದ್ದು ಕಿಲೋಮೀಟರುಗಟ್ಟಲೆ ಆಳದಲ್ಲಿ. ತಲೆಯ ಮೇಲೆ ಬೆಟ್ಟಗಟ್ಟಲೆ ಭಾರ. ಮೇಲಿನ ಪದರಗಳು ಸವೆದು ಹೋದ ಹಾಗೆ ಆ ಭಾರ ಇಳಿಯಿತು. ಇಷ್ಟು ಕಾಲ ಅದುಮಿಸಿಕೊಂಡಿದ್ದ ಕಲ್ಲು ಹಿಗ್ಗಿತು. ಹಿಗ್ಗಿ ಬಿರಿಯಿತು! ಉದ್ದಕ್ಕೆ, ಅಡ್ಡಕ್ಕೆ, ನೆಟ್ಟಗೆ. ಅಖಂಡ ಕಲ್ಲು ಪೆಟ್ಟಿಗೆ ಪೆಟ್ಟಿಗೆಯಾಗಿ ಸೀಳಿತು.

ಆ ಬಿರುಕುಗಳಿಗೆ ನೀರು ಇಳಿಯಿತು. ಈಗ ಹೇಳಿ: ನೀರು ಎಲ್ಲ ಕಡೆಯಿಂದಲೂ ತಿನ್ನುತ್ತಿದ್ದರೆ ಚೌಕ ಕಲ್ಲಿನಲ್ಲಿ ಮೊದಲು ಸವೆಯುವುದು ಯಾವ ಭಾಗ?

ಮೂಲೆ! ಮುಖಕ್ಕೆ ಏಟು ಒಂದೇ ಕಡೆಯಿಂದ. ಅಂಚಿಗೆ ಎರಡು ಕಡೆಯಿಂದ. ಮೂಲೆಗೆ ಮೂರೂ ಕಡೆಯಿಂದ! ಮೂಲೆ ಹೋಯಿತು, ಅಂಚು ಹೋಯಿತು. ಉಳಿ ಇಲ್ಲ, ಸುತ್ತಿಗೆ ಇಲ್ಲ, ಕಲ್ಲುಕುಟಿಗನಿಲ್ಲ. ಚೌಕ ತಾನಾಗಿ ಗುಂಡಾಯಿತು!

ಬರೀ ನೀರಿಗೆ ಇಷ್ಟು ತಾಕತ್ತು ಎಲ್ಲಿಂದ ಬಂತು? ಗುಟ್ಟು ಇಲ್ಲಿದೆ: ಅದು ಬರೀ ನೀರಲ್ಲ. ಮಳೆಹನಿ ಬೀಳುತ್ತ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ಆಮ್ಲವಾಗಿಯೇ ನೆಲ ಮುಟ್ಟುತ್ತದೆ. ಶುದ್ಧ ಗಾಳಿಯ ಮಳೆಯ ಪಿಎಚ್ ಕೂಡ ಸುಮಾರು 5.6. ಹುಳಿ ಬಹಳ ಸಣ್ಣದು, ನಾಲಗೆಗೆ ತಿಳಿಯದು. ಆದರೆ ನೆಲಕ್ಕೆ ಇಳಿದ ಮೇಲೆ ಕಥೆಯೇ ಬೇರೆ. ಅಲ್ಲಿ ಬೇರುಗಳು ಉಸಿರಾಡುತ್ತಿವೆ, ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಉಸಿರಾಡುತ್ತಿವೆ. ಮಣ್ಣೊಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನದಕ್ಕಿಂತ ಹತ್ತು ಪಟ್ಟು. ಕೆಲವೊಮ್ಮೆ ನೂರು ಪಟ್ಟು! ಹಾಗಾಗಿಯೇ ಬಿಸಿಲಿಗೆ ಒಣಗಿ ಕೂತ ಬಂಡೆ ಗಟ್ಟಿ, ಮಣ್ಣೊಳಗೆ ಹೂತ ಬಂಡೆ ಬಡವ.

ಬಿಸಿಲೂ ಒಡೆಯುತ್ತದಲ್ಲ ಅಂದಿರಾ? ಹಗಲು ಕಾದು ರಾತ್ರಿ ತಣಿದು ಕಲ್ಲು ಸೀಳುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಡೇವಿಡ್ ಗ್ರಿಗ್ಸ್ ಎಂಬ ಅಮೆರಿಕದ ವಿಜ್ಞಾನಿಗೆ ಇದನ್ನು ನೋಡಿಯೇ ಬಿಡಬೇಕು ಅನ್ನಿಸಿತು. ನುಣುಪು ಮಾಡಿದ ಗ್ರಾನೈಟ್ ತುಂಡನ್ನು ಕಾಯಿಸಿದ, ತಣಿಸಿದ. ಮತ್ತೆ ಕಾಯಿಸಿದ, ತಣಿಸಿದ. ಎಷ್ಟು ಸಲ? ನೂರು? ಸಾವಿರ? 89,400 ಸಲ! ದಿನಕ್ಕೊಂದು ಅಂದರೆ 244 ವರ್ಷಗಳ ಬಿಸಿಲು. ಏನಾಯಿತು?

ಏನೂ ಆಗಲಿಲ್ಲ! ಹೊಳಪು ಕೂಡ ಮಾಸಲಿಲ್ಲ.

ಆಮೇಲೆ ಆತ ಮಾಡಿದ್ದು ಒಂದೇ ಬದಲಾವಣೆ: ತಣಿಸುವಾಗ ನೀರು ಚಿಮುಕಿಸಿದ. ಎರಡೂವರೆ ವರ್ಷಕ್ಕೆ ಸಮನಾದ ಸುತ್ತುಗಳು ಮುಗಿಯುವಷ್ಟರಲ್ಲಿ ಹೊಳಪು ಹೋಗಿ, ಬಿರುಕು ಬಿಟ್ಟಿತ್ತು! ಈ ಫಲಿತಾಂಶ ಅಚ್ಚಾದದ್ದು 1936ರಲ್ಲಿ. ಹಾಗೆಂದು ಬಿಸಿಲನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಬಂಡೆಗೋಡೆಗೆ ಅಂಟಿಕೊಂಡ ದೊಡ್ಡ ಗ್ರಾನೈಟ್ ಚಕ್ಕೆಯೊಂದು ಬೇಸಿಗೆಯ ಹಗಲು ಸುಮಾರು ಒಂದು ಸೆಂಟಿಮೀಟರ್ ಹೊರಕ್ಕೆ ಬಾಗಿ, ರಾತ್ರಿ ವಾಪಸ್ಸಾಗುವುದನ್ನು ಅಳೆದಿದ್ದಾರೆ. ಆದರೂ ನನ್ನ ಮತ ನೀರಿಗೇ.

ಮತ್ತೆ ಕಲ್ಲಿನ ಒಳಗೇ ಒಬ್ಬ ದ್ರೋಹಿ ಇದ್ದಾನೆ ಗೊತ್ತೆ? ಗ್ರಾನೈಟಿನಲ್ಲಿ ಮಿಣಮಿಣ ಮಿನುಗುವ ಕಪ್ಪು ಚಕ್ಕೆಗಳನ್ನು ನೋಡಿದ್ದೀರಿ. ಅದೇ, ಕಾಗೆಬಂಗಾರ! ನೀರು, ಗಾಳಿ ತಾಕಿದರೆ ಈ ಚಕ್ಕೆ ಊದಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಊತ. ಆದರೆ ಅಕ್ಕಪಕ್ಕ ಒಂದು ಕೂದಲೆಳೆಯಷ್ಟೂ ಜಾಗವಿಲ್ಲ! ಸುತ್ತಲಿನ ಹರಳುಗಳನ್ನು ನೂಕುತ್ತದೆ, ನೂಕಿ ಸಡಿಲಿಸುತ್ತದೆ. ಲಕ್ಷಾಂತರ ಚಕ್ಕೆಗಳು ಒಟ್ಟಿಗೆ ಹೀಗೆ ಮಾಡಿದರೆ? ಉಕ್ಕಿನ ಉಳಿಗೂ ಜಗ್ಗದ ಗ್ರಾನೈಟ್ ಬೆರಳಲ್ಲಿ ಹಿಸುಕಿದರೆ ಉದುರುವ ಗರಸು ಆಗಿಬಿಡುತ್ತದೆ!

ಹಂಪಿಯ ಎಷ್ಟೋ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳಿವೆ. ಮುಂದಿನ ಸಲ ತಪ್ಪದೆ ನೋಡಿ. ವಿಜಯನಗರದ ಕಲ್ಲುಕುಟಿಗರು ಆ ಗುಳಿಗಳಿಗೆ ಒಣಮರದ ಬೆಣೆ ಬಡಿದು ನೀರು ಹೊಯ್ಯುತ್ತಿದ್ದರಂತೆ. ಮರ ಊದಿತು, ಬಂಡೆ ಸೀಳಿತು! ಕಾಗೆಬಂಗಾರ ಅದೇ ಉಪಾಯವನ್ನು ಅವರಿಗಿಂತ ಎಷ್ಟೋ ಮೊದಲೇ ಆ ಬಂಡೆಯೊಳಗೆ ನಡೆಸುತ್ತಿತ್ತು.

ಸರಿ, ಉದುರಿದ ಹರಳುಗಳು ಎಲ್ಲಿ ಹೋದವು?

ಬೆಣಚುಕಲ್ಲು ಮಹಾ ಹಟಮಾರಿ. ಆಮ್ಲಕ್ಕೆ ಬಗ್ಗದು. ಸುಮ್ಮನೆ ಚಿಕ್ಕದಾಗುತ್ತ ಹೊಳೆಗೆ ಉರುಳಿ ಮರಳಾಗುತ್ತದೆ. ತುಂಗಭದ್ರೆಯ ದಡದ ಮರಳನ್ನು ಮುಷ್ಟಿಯಲ್ಲಿ ಹಿಡಿದರೆ ಒಂದು ಕಾಲದ ಬೆಟ್ಟದ ಹರಳುಗಳನ್ನೇ ಹಿಡಿದಿರುತ್ತೀರಿ. ಫೆಲ್ಡ್‌ಸ್ಪಾರ್ ಎಂಬ ಹರಳು ಮಾತ್ರ ಸೋಲೊಪ್ಪುತ್ತದೆ. ಅದರೊಳಗಿನ ಪೊಟ್ಯಾಷ್ ನೀರಿಗೆ ಜಾರಿ ಹೋಗುತ್ತದೆ, ಉಳಿದದ್ದು ಜೇಡಿ. ಆ ಜೇಡಿ ಬೆಳ್ಳಗೆ, ಅಚ್ಚುಕಟ್ಟಾಗಿ ಸಿಕ್ಕರೆ ಅದೇ ಪಿಂಗಾಣಿ ಮಣ್ಣು! ಜಾರಿದ ಪೊಟ್ಯಾಷ್ ಬಾಳೆಯ ಬೇರಿಗೆ ಪ್ರಾಣ. ಹಂಪಿಯ ಬಂಡೆಗಳ ನಡುನಡುವೆ ಬಾಳೆತೋಟಗಳಿವೆ. ಆ ಹಣ್ಣು ಸುಲಿದರೆ ಗ್ರಾನೈಟಿನ ಒಂದು ತುಣುಕು ನಿಮ್ಮ ಬಾಯಿಗೆ! (ಗೊಬ್ಬರದ ಚೀಲದಿಂದ ಬಂದದ್ದೂ ಒಂದಷ್ಟು ಇರುತ್ತದೆ ಬಿಡಿ.) ಇನ್ನು ಕಲ್ಲಿನೊಳಗಿನ ಕಬ್ಬಿಣ? ಅದು ತುಕ್ಕು ಹಿಡಿಯುತ್ತದೆ. ಕೆಂಪು ಮಣ್ಣಿನ ಕೆಂಪೆಲ್ಲ ಆ ತುಕ್ಕೇ!

ಈಗ ಒಂದು ಪಂದ್ಯ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕಲ್ಲು ತೆಗೆದುಕೊಳ್ಳಿ. ಆರು ಮುಖ, 6 ಚದರ ಮೀಟರ್ ಮೈ. ಅದನ್ನು ಒಂದು ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿದರೆ ಎಲ್ಲ ತುಂಡುಗಳ ಮೈ ಸೇರಿ 600 ಚದರ ಮೀಟರ್. ಮಿಲಿಮೀಟರಿನ ಚೌಕಗಳಾದರೆ 6,000, ಸುಮಾರು ಒಂದೂವರೆ ಎಕರೆ. ಜೇಡಿಯ ಕಣ ಇನ್ನೂ ಸಣ್ಣದು, ಮಿಲಿಮೀಟರಿನ ಸಾವಿರದ ಒಂದು ಭಾಗ ಎಂದಿಟ್ಟುಕೊಳ್ಳಿ. ಆಗ ಎಷ್ಟು? ಕಣ್ಣು ಮುಚ್ಚಿ ಒಂದು ಸಂಖ್ಯೆ ಹೇಳಿ.

1,480 ಎಕರೆ! ಒಂದೇ ಕಲ್ಲಿನಿಂದ! ನೀರು ಅಂಟಿಕೊಳ್ಳಲು, ಬೇರು ತಡವಲು, ಪೋಷಕಾಂಶ ತಂಗಲು ಅಷ್ಟು ಜಾಗ!

ಇನ್ನೂ ಸೋಜಿಗ ಬೇಕೆ? ಬಳ್ಳಾರಿ ಕಡೆ ದಿಬ್ಬದ ಮೇಲೆ ಕೆಂಪು ಮಸಾರಿ, ಸ್ವಲ್ಪ ಇಳಿದರೆ ತಗ್ಗಿನಲ್ಲಿ ಕಪ್ಪು ಎರೆ. ಎರಡಕ್ಕೂ ಬೇರೆ ಬೇರೆ ಕಲ್ಲು ಇರಬೇಕು ಅನ್ನಿಸುತ್ತದೆ ಅಲ್ಲವೆ? ಎಷ್ಟೋ ಕಡೆ ಒಂದೇ ಕಲ್ಲು! ದಿಬ್ಬದಲ್ಲಿ ನೀರು ನಿಲ್ಲದು. ಸುಣ್ಣ, ಮೆಗ್ನೀಸಿಯಂ, ಸಿಲಿಕಾ ಎಲ್ಲ ತೊಳೆದುಹೋಗಿ ತುಕ್ಕು ಉಳಿಯುತ್ತದೆ. ತೊಳೆದುಹೋದದ್ದು ತಗ್ಗಿನಲ್ಲಿ ಬಂದು ಸೇರುತ್ತದೆ. ಅಲ್ಲಿ ಇನ್ನೊಂದು ಜಾತಿಯ ಜೇಡಿ ಕಟ್ಟುತ್ತದೆ. ಮಳೆಗೆ ಊದಿ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುವ ಎರೆಯ ಜೇಡಿ ಅದು. ಎಸಳು ಎಸಳಾದ ಆ ಜೇಡಿಯ ಅಪ್ಪಟ ಒಂದು ಗ್ರಾಂ ತೆಗೆದುಕೊಂಡು ಒಳಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 700 ಚದರ ಮೀಟರಿನ ಆಸುಪಾಸು! ಬೆಂಗಳೂರಿನ 30×40 ಸೈಟು ಆರು! ಒಂದು ಚಿಟಿಕೆಯಲ್ಲಿ! ರಿಯಲ್ ಎಸ್ಟೇಟಿನವರಿಗೆ ಹೇಳಬೇಡಿ.

ಕಲ್ಲು ಒಡೆಯುವ ಇನ್ನೊಂದು ಜೀವಿ ನಿಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇರಬಹುದು. ಬಿಸಿಬೇಳೆಬಾತಿನ ಪುಡಿಗೆ ಹುರಿದು ಹಾಕುತ್ತಾರಲ್ಲ, ಕಲ್ಲುಹೂವು! ಮರದ ತೊಗಟೆಯ ಮೇಲೆ, ಬಂಡೆಯ ಮೇಲೆ ಬೆಳೆಯುವ ಅದು ಗಿಡವೂ ಅಲ್ಲ, ಹೂವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಹೂಡಿದ ಸಂಸಾರ. ಅದರ ಬಳಗದವು ಬಂಡೆಗೆ ಆಮ್ಲ ಒಸರಿಸಿ, ಹರಳುಗಳ ಸಂದಿಗೆ ಎಳೆ ತೂರಿಸಿ ಕಲ್ಲನ್ನು ಮೆಲ್ಲನೆ ಸಡಿಲ ಮಾಡುತ್ತವೆ. ಸತ್ತಾಗ ತಮ್ಮ ಮೈಯನ್ನೂ ಅಲ್ಲೇ ಬಿಡುತ್ತವೆ. ಕಲ್ಲಿನ ಪುಡಿಗೆ ಸತ್ತ ಜೀವ ಬೆರೆತಾಗಲೇ ಅದು ಮಣ್ಣು! ಚಂದ್ರನ ಮೇಲೆ ಪುಡಿ ಬೇಕಾದಷ್ಟಿದೆ. ಸತ್ತ ಜೀವ ಇಲ್ಲ.

ಕೊನೆಯ ಊಹೆ. ಎರಡು ಮೂರು ಸೆಂಟಿಮೀಟರ್ ಮಣ್ಣು ತಯಾರಾಗಲು ಎಷ್ಟು ಕಾಲ ಬೇಕು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವ ಪ್ರಕಾರ 1,000 ವರ್ಷದವರೆಗೂ ಹಿಡಿಯಬಹುದು! ಆ ಲೆಕ್ಕ ಹಿಡಿದರೆ, 1336ರಲ್ಲಿ ಹಕ್ಕ ಬುಕ್ಕರು ರಾಜ್ಯ ಕಟ್ಟಿದಂದಿನಿಂದ ಇಂದಿನವರೆಗೆ ಹುಟ್ಟಿದ ಹೊಸ ಮಣ್ಣು ಒಂದೂವರೆ, ಎರಡು ಸೆಂಟಿಮೀಟರ್. ಅಷ್ಟೇ!

ಈಗ ಹಂಪಿಗೆ ಹತ್ತಿರದ ತುಂಗಭದ್ರಾ ಜಲಾಶಯಕ್ಕೆ ಬನ್ನಿ. 1953ರಲ್ಲಿ ಮೊದಲ ಸಲ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿ. ಉಳಿದ ಜಾಗದಲ್ಲಿ ಏನಿದೆ? ಹೂಳು! ಮೇಲ್ದಂಡೆಯ ಗುಡ್ಡ, ಹೊಲಗಳಿಂದ ಬಂದ ಮಣ್ಣು! 27 ಟಿಎಂಸಿ ಅಂದರೆ 76 ಕೋಟಿ ಘನ ಮೀಟರಿಗೂ ಹೆಚ್ಚು. ಸಾವಿರ ವರ್ಷಕ್ಕೆ ಬೆರಳಗಲ ಹುಟ್ಟುವ ಸರಕು, ಒಬ್ಬ ಮನುಷ್ಯನ ಆಯುಷ್ಯದೊಳಗೆ ಅಷ್ಟು ಬಂದು ಕೂತಿದೆ!

ಇದನ್ನೆಲ್ಲ ಕಣ್ಣಾರೆ ನೋಡಬೇಕೆ? ಹಂಪಿಗೇ ಹೋಗಬೇಕೆಂದಿಲ್ಲ. ಗ್ರಾನೈಟ್ ಸೀಮೆಯಲ್ಲಿ ರಸ್ತೆಗೆಂದು ದಿಬ್ಬ ಕಡಿದ ಕಡೆ, ಹೊಸ ಬಾವಿ ತೋಡಿದ ಕಡೆ ನಿಂತು ನೋಡಿ. ಮೇಲೆ ಮಣ್ಣು, ಅದರಡಿ ಗರಸು. ಆ ಗರಸಿನ ನಡುವೆ ಅಲ್ಲಲ್ಲಿ, ಈರುಳ್ಳಿಯಂತೆ ಪದರ ಬಿಚ್ಚುತ್ತಿರುವ ಗುಂಡುಕಲ್ಲುಗಳು ಕಾಣುತ್ತವೆಯೆ? ಹೊರಪದರಕ್ಕೆ ಉಗುರು ಹಾಕಿ, ಉದುರುತ್ತದೆ. ಒಳಗಿನ ತಿರುಳಿಗೆ ಕಲ್ಲಿನಿಂದ ಬಡಿಯಿರಿ, ಠಣ್ ಅನ್ನುತ್ತದೆ! ಇನ್ನೂ ಮೇಲೆ ಬಾರದ ಹಂಪಿ ಅಲ್ಲೇ ಕೆಳಗೆ ತಯಾರಾಗುತ್ತಿದೆ. ಜೆಸಿಬಿ ಬರುವ ಮೊದಲು ಹೋಗಿ!