ಚೀಟಿ ಇತ್ತು, ಸರಕು ಇರಲಿಲ್ಲ: 1992ರ ಬ್ಯಾಂಕ್ ಹಗರಣ ಮತ್ತು ಒಂದು ಪತ್ರಿಕಾ ವರದಿ

ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಬ್ಯಾಂಕಿನಲ್ಲಿ ನೂರು ರೂಪಾಯಿ ತೆಗೆಯಬೇಕಾದರೂ ಸಹಿ ತಾಳೆ ನೋಡುತ್ತಾರೆ. ಹಾಗಿರುವಾಗ ಸಾವಿರಾರು ಕೋಟಿ ರೂಪಾಯಿ ಯಾರಿಗೂ ತಿಳಿಯದಂತೆ ಹೊರಗೆ ಹೋಗುವುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ 1992ರ ಷೇರು ಹಗರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೈವಾರದ ರೈತರೊಬ್ಬರ ರೇಷ್ಮೆಗೂಡು ಇನ್ನೂ ಚಂದ್ರಿಕೆಯಲ್ಲೇ ಇದೆ. ಶಿಡ್ಲಘಟ್ಟದ ರೀಲರ್ ಒಬ್ಬರು ಮುಂಗಡ ಹಣ ಕೊಟ್ಟು, 'ಇಷ್ಟು ಕಿಲೋ ಗೂಡು ಕೊಡುತ್ತೇನೆ' ಎಂಬ ಚೀಟಿ ಬರೆಸಿಕೊಂಡರು ಎನ್ನಿ. ಚೀಟಿಯ ಹಿಂದೆ ಗೂಡು ಇರುವವರೆಗೆ ತೊಂದರೆಯಿಲ್ಲ. ಆದರೆ ಹುಳುವನ್ನೇ ಸಾಕದ ಒಬ್ಬಾತ ಅಂಥ ಚೀಟಿ ಬರೆದುಕೊಟ್ಟರೆ? ರೀಲರ್ ಕೈಯಲ್ಲಿ ಉಳಿಯುವುದು ಬರೀ ಕಾಗದ. 1992ರಲ್ಲಿ ನಡೆದದ್ದೂ ಇದೇ. ಅಲ್ಲಿ ಗೂಡಿನ ಜಾಗದಲ್ಲಿ ಸರ್ಕಾರಿ ಸಾಲಪತ್ರಗಳಿದ್ದವು. ಚೀಟಿಗೆ 'ಬ್ಯಾಂಕ್ ರಸೀದಿ' ಎಂಬ ಹೆಸರಿತ್ತು.

ಆಗಿನ ನಿಯಮದಂತೆ ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ನೂರಕ್ಕೆ 38.5 ರೂಪಾಯಿಯಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕಾಗಿತ್ತು. ಸಾಲಪತ್ರ ಹೆಚ್ಚಿದ್ದ ಬ್ಯಾಂಕು ಅದನ್ನು ಇನ್ನೊಂದಕ್ಕೆ ಮಾರಿ, ಹದಿನೈದು ಇಪ್ಪತ್ತು ದಿನಗಳಲ್ಲಿ ಮರಳಿ ಕೊಳ್ಳುವುದು ರೂಢಿಯಾಗಿತ್ತು. ಹೆಸರಿಗೆ ಮಾರಾಟವಾದರೂ ವಾಸ್ತವದಲ್ಲಿ ಅದು ಅಲ್ಪಾವಧಿ ಸಾಲ. ರಿಸರ್ವ್ ಬ್ಯಾಂಕಿನಲ್ಲಿ ಈ ಲೆಕ್ಕವನ್ನು ಕೈಯಿಂದ ಪುಸ್ತಕದಲ್ಲಿ ಬರೆಯುತ್ತಿದ್ದುದರಿಂದ ನಮೂದಾಗುವುದು ತಡವಾಗುತ್ತಿತ್ತು. ಆದ್ದರಿಂದ ಸಾಲಪತ್ರದ ಬದಲು ರಸೀದಿಗಳೇ ಕೈಬದಲಾಗುತ್ತಿದ್ದವು. ನಡುವೆ ದಲ್ಲಾಳಿಗಳು ಬಂದರು. ಬ್ಯಾಂಕಿನ ಹೆಸರಿಗೆ ಬರೆದ ಚೆಕ್ಕನ್ನು ದಲ್ಲಾಳಿಯ ಖಾತೆಗೆ ಜಮಾ ಮಾಡುವ ಪದ್ಧತಿಯೂ ಬೆಳೆಯಿತು. ಹಗರಣದ ಬೀಗದಕೈ ಇರುವುದು ಈ ಕೊನೆಯ ಮಾತಿನಲ್ಲಿ ಎಂದು ನನಗನಿಸುತ್ತದೆ. ಉಳಿದದ್ದೆಲ್ಲ ಅದರ ಸುತ್ತ ಹೆಣೆದದ್ದು.

ಮುಂಬೈಯ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಬ್ಯಾಂಕುಗಳ ಈ ಹಣವನ್ನು ಷೇರುಪೇಟೆಗೆ ಸುರಿದರು. 1992ರ ಜನವರಿಯಲ್ಲಿ ಸುಮಾರು 2,000 ಇದ್ದ ಸೂಚ್ಯಂಕ ಏಪ್ರಿಲ್ ವೇಳೆಗೆ 4,400 ದಾಟಿತು. ಬ್ಯಾಂಕ್ ಆಫ್ ಕರಾಡ್ ಮತ್ತು ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕ್ ಎಂಬ ಎರಡು ಸಣ್ಣ ಬ್ಯಾಂಕುಗಳು, ಹಿಂದೆ ಸಾಲಪತ್ರವೇ ಇಲ್ಲದ ರಸೀದಿಗಳನ್ನು ಬರೆದುಕೊಟ್ಟಿದ್ದವು. ಒಂದು ಬ್ಯಾಂಕಿನ ಬಾಕಿ ತೀರಿಸಲು ಇನ್ನೊಂದು ಬ್ಯಾಂಕಿನ ಹಣ ಬೇಕಾಗುತ್ತಿತ್ತು. ಕೈವಾರವೇ ಏಕಚಕ್ರಪುರ ಎಂದು ನಂಬುವ ನಮ್ಮ ಜನಕ್ಕೆ ಬಕಾಸುರನಿಗೆ ದಿನಕ್ಕೊಂದು ಮನೆಯಿಂದ ಬಂಡಿ ಅನ್ನ ಹೋಗುತ್ತಿದ್ದ ಕಥೆ ಗೊತ್ತು. ಸರದಿ ತಪ್ಪಿದ ದಿನ ಗುಟ್ಟು ರಟ್ಟಾಗಲೇಬೇಕು.

ರಟ್ಟು ಮಾಡಿದವರು 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯ ಸುಚೇತಾ ದಲಾಲ್. ಇವರು ಬೆಳಗಾವಿಯಲ್ಲಿ ಶಾಲೆ ಕಲಿತು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರು. ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಸುಮಾರು 500 ಕೋಟಿ ರೂಪಾಯಿ ಕೊರತೆ ಇದೆ, ಅದನ್ನು ಸರಿಪಡಿಸುವಂತೆ ಬ್ಯಾಂಕು ದಲ್ಲಾಳಿಗೆ ಹೇಳಿದೆ ಎಂಬ ಅವರ ವರದಿ 1992ರ ಏಪ್ರಿಲ್ 23ರಂದು ಪ್ರಕಟವಾಯಿತು. ಅಂದು ಪೇಟೆಯಲ್ಲಿ ಲಕ್ಷಾಂತರ ಜನ ಲಾಭದ ಕನಸಿನಲ್ಲಿದ್ದರು. ಮೆಹ್ತಾ ಅವರನ್ನು ಪತ್ರಿಕೆಗಳೇ ವೀರನಂತೆ ಚಿತ್ರಿಸಿದ್ದವು. ಅಂಥ ಹೊತ್ತಿನಲ್ಲಿ 'ಇಷ್ಟು ಹಣ ಬಂದದ್ದೆಲ್ಲಿಂದ?' ಎಂದು ಕೇಳುವುದೇ ತನಿಖಾ ವರದಿಗಾರರ ಕೆಲಸ. ಸುಳಿವು ಕೊಡಲು ಬ್ಯಾಂಕಿನ ಒಳಗಿನವರು ಬರಬಹುದು. ಆದರೆ ಅವರಿಗೂ ತಮ್ಮದೇ ಉದ್ದೇಶಗಳಿರುತ್ತವೆ. ಆದ್ದರಿಂದ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ, ಸಾಧ್ಯವಾದರೆ ದಾಖಲೆಯಲ್ಲಿ, ತಾಳೆ ನೋಡಬೇಕು. ಆರೋಪ ಹೊತ್ತವರ ಮಾತನ್ನೂ ಕೇಳಬೇಕು.

ವರದಿಯ ಬೆನ್ನಿಗೇ ರಿಸರ್ವ್ ಬ್ಯಾಂಕ್ ಜಾನಕಿರಾಮನ್ ಸಮಿತಿಯನ್ನು ನೇಮಿಸಿತು. ಲೆಕ್ಕಕ್ಕೆ ಸಿಗದ ಮೊತ್ತ ಸುಮಾರು 4,000 ಕೋಟಿ ಎಂದು ಸಮಿತಿ ಅಂದಾಜು ಮಾಡಿತು. ಸಂಗತಿ ಮುಂಬೈಗೆ ಮಾತ್ರ ಸೀಮಿತವಾಗಿರಲಿಲ್ಲ. ಬೆಂಗಳೂರಿನ ಕೆನರಾ ಬ್ಯಾಂಕಿನ ಅಂಗಸಂಸ್ಥೆಯಾದ ಕ್ಯಾನ್‌ಫಿನಾ ಕೂಡ ಇಂಥ ರಸೀದಿಗಳನ್ನು ನಂಬಿ ಹಣ ಕೊಟ್ಟ ಸಂಸ್ಥೆಗಳಲ್ಲಿ ಒಂದು. ಬೆಂಗಳೂರಿನದೇ ಆದ ಫೇರ್‌ಗ್ರೋತ್ ಕಂಪನಿಯ ಹೆಸರೂ ಹೊರಬಂತು. ಅದರ ಷೇರುಗಳಲ್ಲಿ ಹಣ ತೊಡಗಿಸಿದ್ದಕ್ಕಾಗಿ ಆಗಿನ ವಾಣಿಜ್ಯ ಸಚಿವ ಪಿ. ಚಿದಂಬರಂ 1992ರ ಜುಲೈನಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. 1995ರಲ್ಲಿ ಮತ್ತೆ ಸಚಿವರಾದರು.

1993ರ ಜೂನ್‌ನಲ್ಲಿ ಮೆಹ್ತಾ ಇನ್ನೊಂದು ಬಾಂಬು ಸಿಡಿಸಿದರು. ಪ್ರಧಾನಿ ಪಿ.ವಿ. ನರಸಿಂಹ ರಾವ್ ಅವರಿಗೆ ಒಂದು ಕೋಟಿ ರೂಪಾಯಿ ಕೊಟ್ಟೆ ಎಂದರು. ರಾವ್ ಅದನ್ನು ನಿರಾಕರಿಸಿದರು. ಆ ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಲೇ ಇಲ್ಲ. ಪತ್ರಿಕೆ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. 500 ಕೋಟಿಯ ಕೊರತೆ ಪುಸ್ತಕದ ಲೆಕ್ಕದಲ್ಲಿತ್ತು, ಯಾರು ಬೇಕಾದರೂ ಕೂಡಿ ಕಳೆದು ನೋಡಬಹುದಿತ್ತು. ಸೂಟ್‌ಕೇಸಿನ ಕಥೆಗೆ ಅಂಥ ಆಧಾರವಿರಲಿಲ್ಲ. ಆದರೂ ಜನರ ಬಾಯಲ್ಲಿ ಉಳಿದದ್ದು ಸೂಟ್‌ಕೇಸೇ!

ಮೆಹ್ತಾ ಅವರಿಗೆ 1999ರಲ್ಲಿ ಒಂದು ಪ್ರಕರಣದಲ್ಲಿ ಶಿಕ್ಷೆಯಾಯಿತು. 2001ರ ಡಿಸೆಂಬರ್ 31ರಂದು ಅವರು ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಹಗರಣದ ಫಲವಾಗಿ ಸಾಲಪತ್ರಗಳ ಲೆಕ್ಕ ಕಂಪ್ಯೂಟರಿಗೆ ಬಂತು, ಬ್ಯಾಂಕ್ ರಸೀದಿಗಳಿಗೆ ಕಡಿವಾಣ ಬಿತ್ತು. ಸುಚೇತಾ ದಲಾಲ್ ಅವರಿಗೆ 2006ರಲ್ಲಿ ಪದ್ಮಶ್ರೀ ಸಂದಿತು.

ಅವರು ವರದಿ ಬರೆದಾಗ ಮಾಹಿತಿ ಹಕ್ಕು ಕಾಯ್ದೆ ಇರಲಿಲ್ಲ. ಕರ್ನಾಟಕ ತನ್ನದೇ ಕಾಯ್ದೆಯನ್ನು 2000ದಲ್ಲಿ ಮಾಡಿತು, ಕೇಂದ್ರದ ಕಾಯ್ದೆ 2005ರಲ್ಲಿ ಬಂತು. ಗ್ರಾಮ ಪಂಚಾಯಿತಿಯ ಲೆಕ್ಕವಾದರೆ ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಕೇಳಬಹುದು, ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಆದರೆ ಬ್ಯಾಂಕಿನಲ್ಲಿರುವ ಬೇರೊಬ್ಬರ ಖಾತೆಯ ವಿವರ ಈ ಅರ್ಜಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲಿ ವರದಿಗಾರರು ಇಂದಿಗೂ ಒಳಗಿನವರನ್ನೇ ಹುಡುಕಿಕೊಂಡು ಹೋಗಬೇಕು.