ಬೆಣೆಯಂತೆ ಹಿಡಿಯುವ ಬೆಲ್ಟು

ಚಾಲಕನು ಹುಲ್ಲು ಕೊಯ್ಯುವ ಯಂತ್ರದ ಮೇಲೆ ಕುಳಿತಿದ್ದಾನೆ. ಎಂಜಿನು ಮೊರೆಯುತ್ತಿದೆ, ಆದರೆ ಏರು ಬಂದೊಡನೆ ಚಕ್ರಗಳು ನಿಂತುಬಿಡುತ್ತವೆ, ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಇಂಥ ಸಂದರ್ಭದಲ್ಲಿ ದೋಷವು ಸಾಮಾನ್ಯವಾಗಿ ಎಂಜಿನಿಗೂ ಚಕ್ರಗಳಿಗೂ ನಡುವೆ ಓಡುವ ಬೆಲ್ಟಿನಲ್ಲಿರುತ್ತದೆ. ಅದನ್ನು ಇನ್ನಷ್ಟು ಬಿಗಿಗೊಳಿಸಿದರೆ ಸರಿಹೋದೀತೆಂದು ನಮಗೆ ತೋರುವುದು ಸಹಜ. ಆದರೆ ಅನೇಕ ವೇಳೆ ಈ ಉಪಾಯ ಫಲಿಸುವುದಿಲ್ಲ. ಏಕೆ?

1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ರಚಿಸಿದ ಹುಲ್ಲು ಕೊಯ್ಯುವ ಯಂತ್ರವನ್ನು ಕೈಯಿಂದ ತಳ್ಳಬೇಕಾಗಿತ್ತು. ಇಂದು ಅಮೆರಿಕದ ವಿಶಾಲವಾದ ಮನೆಯಂಗಳಗಳಲ್ಲಿಯೂ ನಮ್ಮ ದೇಶದ ಗಾಲ್ಫ್ ಮತ್ತು ಕ್ರಿಕೆಟ್ ಮೈದಾನಗಳಲ್ಲಿಯೂ ಕುಳಿತು ನಡೆಸುವ ಯಂತ್ರಗಳನ್ನು ಕಾಣಬಹುದು. ಇವುಗಳಲ್ಲಿ ಹಲವಕ್ಕೆ ಎಂಜಿನಿನ ದಂಡವು ಕೆಳಮುಖವಾಗಿದ್ದು, ಅದರ ತುದಿಯ ರಾಟೆಯಿಂದ ಹಿಂದಿನ ಗೇರುಪೆಟ್ಟಿಗೆಯ ರಾಟೆಗೆ ಬೆಲ್ಟು ಹಾಯುತ್ತದೆ. ನಡುವೆ ಸ್ಪ್ರಿಂಗಿನಿಂದ ಒತ್ತಲ್ಪಟ್ಟ ಚಿಕ್ಕ ರಾಟೆಯೊಂದು ಬೆಲ್ಟನ್ನು ಬಿಗಿಯಾಗಿರಿಸುವುದು. ಕಾಲಿನಿಂದ ಪೆಡಲನ್ನು ಒತ್ತಿದರೆ ಈ ಬಿಗಿರಾಟೆ ಪಕ್ಕಕ್ಕೆ ಸರಿದು ಬೆಲ್ಟು ಸಡಿಲವಾಗುತ್ತದೆ, ಯಂತ್ರ ನಿಲ್ಲುತ್ತದೆ.

ಹಿಟ್ಟಿನ ಗಿರಣಿಯ ಚಪ್ಪಟೆ ಬೆಲ್ಟನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಅದು ರಾಟೆಯನ್ನು ತನ್ನ ಒಳಮೈಯಿಂದ ಹಿಡಿಯುತ್ತದೆ. ಹುಲ್ಲಿನ ಯಂತ್ರದ ಬೆಲ್ಟಾದರೋ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕೆಳಕ್ಕೆ ಕಿರಿದಾಗುತ್ತದೆ. ರಾಟೆಯ ಕೊರಕಲೂ ಹಾಗೆಯೇ ಇದೆ. ಸೌದೆಯ ಸೀಳಿನಲ್ಲಿ ಬೆಣೆ ಸಿಕ್ಕಿಕೊಳ್ಳುವಂತೆ ಬೆಲ್ಟು ಕೊರಕಲಿನ ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕೊರಕಲಿನ ಕೋನ 40 ಡಿಗ್ರಿ ಇದ್ದರೆ ಘರ್ಷಣೆಯ ಪರಿಣಾಮ ಸುಮಾರು ಮೂರು ಪಟ್ಟಾಗುವುದು.

18ನೆಯ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿದ ಸೂತ್ರದಿಂದ ಇದರ ಫಲವನ್ನು ಎಣಿಸೋಣ. ಬೆಲ್ಟು ರಾಟೆಯನ್ನು ಅರ್ಧ ಸುತ್ತು ಬಳಸಿದೆ, ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಚಪ್ಪಟೆ ಬೆಲ್ಟು ಜಾರುವ ಮುನ್ನ ಅದರ ಬಿಗಿಪಕ್ಕದ ಸೆಳೆತವು ಸಡಿಲಪಕ್ಕದ ಸೆಳೆತದ ಸುಮಾರು 2.6 ಪಟ್ಟಾಗಬಲ್ಲದು. ವಿ-ಬೆಲ್ಟಿನಲ್ಲಿ ಇದೇ ಪ್ರಮಾಣ 15 ಪಟ್ಟನ್ನು ಮೀರುತ್ತದೆ!

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬೆಲ್ಟಿನ ಪಕ್ಕಗಳು ಸವೆದರೆ ಅದು ಕೆಳಕ್ಕಿಳಿದು ಕೊರಕಲಿನ ತಳವನ್ನು ಮುಟ್ಟುತ್ತದೆ. ಆಗ ಬೆಣೆಯ ಗುಣ ಹೋಗಿ ಅದು ಬರಿಯ ಚಪ್ಪಟೆ ಬೆಲ್ಟಿನಂತಾಗುತ್ತದೆ. ಬಿಗಿಗೊಳಿಸಿದರೆ ಬೇರಿಂಗುಗಳು ಬೇಗ ಸವೆಯುವುವೇ ಹೊರತು ಹಿಡಿತ ಮರಳದು. ರಾಟೆಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದೇ ಇದಕ್ಕೆ ಸಾಕ್ಷಿ.

ಬೆಲ್ಟನ್ನು ಬದಲಿಸುವವರು ಮೊದಲು ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ಬೀಗದ ಕೈಯನ್ನು ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಬಿಚ್ಚಿಡತಕ್ಕದ್ದು. ಎಂಜಿನು ಅಕಸ್ಮಾತ್ತಾಗಿ ತಿರುಗಿದರೆ ರಾಟೆಗೂ ಬೆಲ್ಟಿಗೂ ನಡುವೆ ಬೆರಳುಗಳು ಸಿಕ್ಕಿಕೊಳ್ಳುವುವು. ಅನೇಕ ಯಂತ್ರಗಳಲ್ಲಿ ಅಲಗುಗಳಿರುವ ಕೆಳಭಾಗವನ್ನು ಮೊದಲು ಕಳಚಬೇಕಾಗುತ್ತದೆ. ಹಳೆಯ ಬೆಲ್ಟು ಹಾಯುವ ದಾರಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬಿಗಿರಾಟೆಯನ್ನು ಸಡಿಲಿಸಿ ಅದನ್ನು ತೆಗೆಯಬೇಕು. ಪ್ರತಿಯೊಂದು ರಾಟೆಯನ್ನೂ ಕೈಯಿಂದ ತಿರುಗಿಸಿ ನೋಡುವುದು ಒಳ್ಳೆಯದು. ಕರಕರ ಸದ್ದಾದರೆ ಬೇರಿಂಗು ಕೆಟ್ಟಿದೆ. ಎಣ್ಣೆ ಸೋರುತ್ತಿದ್ದರೆ ಅದನ್ನು ನಿಲ್ಲಿಸದೆ ಹೊಸ ಬೆಲ್ಟು ಹಾಕುವುದು ವ್ಯರ್ಥ. ಹೊಸದನ್ನು ತಯಾರಕರ ಸಂಖ್ಯೆ ನೋಡಿಯೇ ಕೊಳ್ಳಬೇಕು. ಹೊರನೋಟಕ್ಕೆ ಒಂದೇ ಆದರೂ ಒಳಗಿನ ಎಳೆಗಳು ಬೇರೆಯಾಗಿರಬಹುದು. ಸಡಿಲವಾದಾಗ ಬೆಲ್ಟು ಕಳಚಿಕೊಳ್ಳದಂತೆ ರಾಟೆಗಳ ಬಳಿ ಕಾವಲು ಕಡ್ಡಿಗಳಿರುತ್ತವೆ. ಬೆಲ್ಟು ಅವುಗಳ ಒಳಗಡೆಯೇ ಇರಬೇಕು.

ಸ್ಪ್ರಿಂಗಿನ ಬಿಗಿರಾಟೆ ಇರುವಲ್ಲಿ ಬಿಗಿತವನ್ನು ಅದೇ ನೋಡಿಕೊಳ್ಳುತ್ತದೆ. ರಾಟೆಗಳು ಸ್ಥಿರವಾಗಿರುವ ಯಂತ್ರಗಳಲ್ಲಿ, ಎರಡು ರಾಟೆಗಳ ನಡುವಿನ ಬೆಲ್ಟನ್ನು ತಯಾರಕರು ಸೂಚಿಸಿದ ಬಲದಿಂದ ಮಧ್ಯದಲ್ಲಿ ಒತ್ತಿದಾಗ ಅದು 100 ಮಿಲಿಮೀಟರಿಗೆ ಸುಮಾರು 1.6 ಮಿಲಿಮೀಟರಿನಂತೆ ಬಾಗಬೇಕೆಂಬುದು ಸಾಮಾನ್ಯ ನಿಯಮ. ಹೊಸ ಬೆಲ್ಟು ಸ್ವಲ್ಪ ಹಿಗ್ಗುವುದರಿಂದ ಕೆಲವು ಗಂಟೆ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಗೇರಿನ ಯಂತ್ರವು ಇಳಿಜಾರಿನಲ್ಲಿರುವಾಗ ಬೆಲ್ಟು ಜಾರಿತೆಂದರೆ ಎಂಜಿನಿನ ತಡೆ ತಪ್ಪಿಹೋಗುತ್ತದೆ. ಬಳಿಕ ಚಾಲಕನನ್ನು ಕಾಯುವುದು ಬ್ರೇಕೊಂದೇ. ಬೆಲ್ಟಿನ ಎರಡು ಪಕ್ಕಗಳ ಸವೆತವನ್ನು ಸಮನೆಲದಲ್ಲಿಯೇ ನೋಡಿಕೊಳ್ಳುವುದು ಆದ್ದರಿಂದಲೇ ಜಾಣತನ.