‘ಸಹಕರಿಸತಕ್ಕದ್ದು’ ಅಂತ ಕರಾರಿನಲ್ಲಿದೆ; ಸಹಕರಿಸದಿದ್ದರೆ ಏನಾಗುತ್ತೆ?

ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರಹಗಾರರ ಹತ್ತಿರ ಬರೆಸಿದ ಹಳೇ ಕರಾರು ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ‘ಉಭಯ ಪಕ್ಷದವರೂ ಪರಸ್ಪರ ಸಹಕರಿಸತಕ್ಕದ್ದು’ ಅನ್ನೋ ಅರ್ಥದ ಸಾಲು ಕೊನೆಯಲ್ಲಿ ಎಲ್ಲೋ ಇರುತ್ತೆ. ಸಹಿ ಹಾಕುವಾಗ ಈ ಸಾಲನ್ನು ಎರಡನೇ ಸಲ ಓದುವವರು ಕಡಿಮೆ. ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು, ಗಡುವು ಯಾವಾಗ, ಇಷ್ಟು ನೋಡಿಕೊಂಡು ಎದ್ದು ಬರ್ತಾರೆ. ಆದರೆ ವ್ಯವಹಾರ ಕೆಟ್ಟು ಕೋರ್ಟ್ ಮೆಟ್ಟಿಲು ಹತ್ತಿದಾಗ, ತನ್ನ ಪಾಲಿನ ಕೆಲಸ ಯಾರು ಮಾಡಿದರು, ಯಾರು ಅಡ್ಡಗಾಲು ಹಾಕಿದರು ಅನ್ನೋದೇ ದೊಡ್ಡ ಪ್ರಶ್ನೆಯಾಗುತ್ತೆ.

ಒಂದು ಉದಾಹರಣೆ ನೋಡೋಣ. ಎರಡು ಎಕರೆ ಇರುವ ಸರ್ವೆ ನಂಬರಿನಲ್ಲಿ ಒಂದು ಎಕರೆ ಮಾರಾಟಕ್ಕೆ ಕರಾರಾಗಿದೆ. ಅಡ್ವಾನ್ಸ್ 5 ಲಕ್ಷ, ಗಡುವು ಆರು ತಿಂಗಳು. ಒಂದು ಸರ್ವೆ ನಂಬರಿನ ಭಾಗವನ್ನು ಮಾತ್ರ ಮಾರುವಾಗ ನೋಂದಣಿಗೆ 11ಇ ನಕ್ಷೆ ಬೇಕು. ಅದಕ್ಕೆ ಅರ್ಜಿ ಹಾಕಬೇಕಾದವರು ಜಮೀನಿನ ಮಾಲೀಕರು. ಅಷ್ಟರಲ್ಲಿ ಸುತ್ತಮುತ್ತ ಜಮೀನಿನ ರೇಟು ಏರಿದೆ. ಮಾಲೀಕರು ‘ನಾಳೆ ಹಾಕ್ತೀನಿ, ನಾಡಿದ್ದು ಹಾಕ್ತೀನಿ’ ಅಂತ ದಿನ ದೂಡ್ತಾರೆ. ಏಳನೇ ತಿಂಗಳು ಬರ್ತಿದ್ದಂತೆ, ‘ಗಡುವು ಮುಗೀತು, ನೀವು ನೋಂದಣಿ ಮಾಡಿಸಿಕೊಳ್ಳಲಿಲ್ಲ, ಅಡ್ವಾನ್ಸ್ ವಾಪಸ್ ಇಲ್ಲ’ ಅಂತಾರೆ.

ಇಲ್ಲಿ ತಪ್ಪಿದ್ದು ಯಾರು?

ಒಳ್ಳೇತನದ ಮಾತಲ್ಲ

ಊರ ಮಾತಿನಲ್ಲಿ ಸಹಕಾರ ಅಂದ್ರೆ ಉಪಕಾರ, ಹೊಂದಾಣಿಕೆ. ಕರಾರಿನಲ್ಲಿ ಹಾಗಲ್ಲ. ಅಲ್ಲಿ ಅದಕ್ಕೆ ಎರಡು ಅರ್ಥ. ಒಂದು, ಎದುರಿನವರು ತಮ್ಮ ಮಾತು ಉಳಿಸಿಕೊಳ್ಳೋಕೆ ಬೇಕಾದ ನಿಮ್ಮ ಪಾಲಿನ ಕೆಲಸವನ್ನು ನೀವು ಮಾಡಿಕೊಡೋದು. ಎರಡು, ಅವರು ಕೆಲಸ ಮಾಡೋಕೆ ಹೊರಟಾಗ ಅಡ್ಡಿ ಮಾಡದಿರೋದು.

1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಸೆಕ್ಷನ್ 53ರ ಪ್ರಕಾರ, ಪರಸ್ಪರ ಮಾತು ಕೊಟ್ಟ ಕರಾರಿನಲ್ಲಿ ಒಬ್ಬರು ಇನ್ನೊಬ್ಬರ ಕೆಲಸಕ್ಕೆ ತಡೆ ಹಾಕಿದರೆ, ಕರಾರು ರದ್ದು ಮಾಡುವ ಆಯ್ಕೆ ತಡೆಗೆ ಒಳಗಾದವರಿಗೆ ಸಿಗುತ್ತೆ. ಕೆಲಸ ಆಗದೆ ಉಂಟಾದ ನಷ್ಟಕ್ಕೆ ಪರಿಹಾರವನ್ನೂ ಕೇಳಬಹುದು.

ಸೆಕ್ಷನ್ 54 ಮನೆ ಕಟ್ಟಿಸುವವರಿಗೆ ಬೇಗ ಅರ್ಥವಾಗುತ್ತೆ. ಸಾರುವೆ ಮರ ಮಾಲೀಕರೇ ಕೊಡಬೇಕು ಅಂತ ಮಾತಾಗಿದೆ, ಆದರೆ ಕೊಡಲಿಲ್ಲ. ಕೆಲಸ ನಿಂತಿತು. ಆಗ ಗುತ್ತಿಗೆದಾರರು ಕೆಲಸ ಮಾಡಬೇಕಾಗಿಲ್ಲ, ನಷ್ಟವನ್ನು ಮಾಲೀಕರೇ ಕಟ್ಟಿಕೊಡಬೇಕು. ಕಾಯ್ದೆಯಲ್ಲೇ ಇಂಥ ಉದಾಹರಣೆ ಇದೆ. ಮೊದಲು ಮಾಡಬೇಕಾದವರು ಮಾಡದೆ, ಆಮೇಲೆ ಮಾಡಬೇಕಾದವರನ್ನು ದೂರುವಂತಿಲ್ಲ ಅನ್ನೋದು ಇದರ ಸಾರ.

ಸೆಕ್ಷನ್ 67 ಇನ್ನೂ ಸರಳ. ಮನೆ ರಿಪೇರಿಗೆ ಒಪ್ಪಿಸಿದವರು ಎಲ್ಲೆಲ್ಲಿ ರಿಪೇರಿ ಆಗಬೇಕು ಅಂತ ತೋರಿಸಲೇ ಇಲ್ಲ. ಅದೇ ಕಾರಣಕ್ಕೆ ಕೆಲಸ ಆಗದಿದ್ದರೆ ಮೇಸ್ತ್ರಿ ಮೇಲೆ ತಪ್ಪು ಹೊರಿಸುವಂತಿಲ್ಲ.

ಈ ಸೆಕ್ಷನ್‌ಗಳು ಅನ್ವಯವಾಗೋಕೆ ಕರಾರಿನಲ್ಲಿ ‘ಸಹಕಾರ’ ಅನ್ನೋ ಪದ ಇರಲೇಬೇಕು ಅಂತೇನಿಲ್ಲ. ಬ್ರಿಟನ್‌ನ ಹೌಸ್ ಆಫ್ ಲಾರ್ಡ್ಸ್ 1881ರಲ್ಲಿ ‘ಮೆಕೇ ವಿರುದ್ಧ ಡಿಕ್’ ಪ್ರಕರಣದಲ್ಲಿ ಇದೇ ತತ್ವ ಹೇಳಿತ್ತು. ಮಣ್ಣು ಅಗೆಯುವ ಯಂತ್ರ ಟ್ರಯಲ್‌ನಲ್ಲಿ ಪಾಸಾದರೆ ಮಾತ್ರ ಖರೀದಿ ಅಂತ ಷರತ್ತಿತ್ತು. ಆದರೆ ಕೊಳ್ಳುವವರು ಸರಿಯಾದ ಟ್ರಯಲ್‌ಗೆ ಜಾಗವನ್ನೇ ಸಿದ್ಧ ಮಾಡಿಕೊಡಲಿಲ್ಲ. ಕೊನೆಗೆ ಅವರೇ ಯಂತ್ರದ ಬೆಲೆ ಕೊಡಬೇಕಾಯಿತು.

ಎಲ್ಲಿಯವರೆಗೆ?

ಸಹಕಾರ ಅಂದ್ರೆ ಎದುರಿನವರು ಕೇಳಿದ್ದಕ್ಕೆಲ್ಲ ಹೂಂ ಅನ್ನೋದಲ್ಲ. ಉದಾಹರಣೆಗೆ, ಅಂಗಡಿ ಬಾಡಿಗೆ ಕೊಟ್ಟ ಮಾಲೀಕರು ಟ್ರೇಡ್ ಲೈಸೆನ್ಸ್‌ಗೆ ಒಪ್ಪಿಗೆ ಪತ್ರ ಕೊಡಬೇಕು ಅಂತ ನಿರೀಕ್ಷಿಸೋದು ನ್ಯಾಯ. ಆದರೆ ಲೈಸೆನ್ಸ್ ಶುಲ್ಕವನ್ನೂ ಅವರೇ ಕಟ್ಟಲಿ, ಬಾಡಿಗೆಯನ್ನೂ ಇಳಿಸಲಿ ಅಂದರೆ ಅದು ಸಹಕಾರ ಅಲ್ಲ, ಹೊಸ ಬೇಡಿಕೆ. ಕರಾರಿನಲ್ಲಿ ಒಪ್ಪಿದ ಉದ್ದೇಶ ಈಡೇರೋಕೆ ಎಷ್ಟು ಬೇಕೋ ಅಷ್ಟೇ ಇದರ ಗಡಿ.

ಸುಮ್ಮನೆ ಕೂತರೆ ಕಷ್ಟ

ಮೊದಲಿನ ಜಮೀನಿನ ಉದಾಹರಣೆಗೆ ಬಂದರೆ, ನಕ್ಷೆಗೆ ಅರ್ಜಿ ಹಾಕದೇ ಕೂತ ಮಾಲೀಕರು ಗಡುವಿನ ನೆಪ ಹೇಳಿ ಲಾಭ ಮಾಡಿಕೊಳ್ಳೋದನ್ನು ಕಾನೂನು ಒಪ್ಪಲ್ಲ. ಹಾಗಂತ ಕೊಳ್ಳುವವರು ‘ತಪ್ಪು ಅವರದ್ದು’ ಅಂತ ಕೈಕಟ್ಟಿ ಕೂರುವಂತೆಯೂ ಇಲ್ಲ. ಕ್ರಯಪತ್ರ ಮಾಡಿಕೊಡಲು ಆದೇಶಿಸಿ ಅಂತ ಕೋರ್ಟ್‌ಗೆ ಹೋದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 16ರಂತೆ ತಾವು ಮೊದಲಿನಿಂದಲೂ ಸಿದ್ಧರಿದ್ದೆವು, ಮನಸ್ಸೂ ಇತ್ತು ಅಂತ ಸಾಬೀತು ಮಾಡಬೇಕು. ಬಾಕಿ ಹಣ ಹೊಂದಿಸೋ ಶಕ್ತಿ ಇತ್ತು ಅನ್ನೋಕೆ ಬ್ಯಾಂಕ್ ಪಾಸ್‌ಬುಕ್, ಸಾಲ ಮಂಜೂರಾತಿ ಪತ್ರದಂಥವು ನೆರವಿಗೆ ಬರುತ್ತವೆ.

ಕಾಲಮಿತಿಯೂ ಇದೆ. ಇಂಥ ದಾವೆ ಹೂಡೋಕೆ ಕರಾರಿನಲ್ಲಿ ನಿಗದಿಯಾದ ದಿನಾಂಕದಿಂದ ಮೂರು ವರ್ಷ. ದಿನಾಂಕ ನಿಗದಿ ಆಗಿರದಿದ್ದರೆ, ಎದುರಿನವರು ಮಾಡಿಕೊಡಲ್ಲ ಅಂದದ್ದು ಗೊತ್ತಾದ ದಿನದಿಂದ ಮೂರು ವರ್ಷ. ‘ನಾಳೆ, ನಾಡಿದ್ದು’ ಕೇಳಿಕೊಂಡೇ ಈ ಅವಧಿ ಕಳೆದು ಹೋದರೆ ಕೈಯಲ್ಲಿರುವ ಹಕ್ಕೂ ಜಾರುತ್ತೆ.

ಹಾಗಾಗಿ ಬಾಯಿಮಾತಲ್ಲಿ ಕೇಳಿದ್ದನ್ನೇ ಬರಹದಲ್ಲೂ ಕೇಳಬೇಕು. ‘ನಕ್ಷೆಗೆ ಅರ್ಜಿ ಹಾಕಿ, ಬಾಕಿ ಹಣ ಸಿದ್ಧವಿದೆ’ ಅಂತ ಎರಡು ಸಾಲು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅದನ್ನು ಅಳಿಸದೆ ಇಟ್ಟುಕೊಳ್ಳಬೇಕು. ಸ್ಪಂದನೆ ಇಲ್ಲದಿದ್ದರೆ ಗಡುವು ಮುಗಿಯುವ ಮೊದಲೇ ವಕೀಲರ ಮೂಲಕ ನೋಟಿಸ್ ಕಳಿಸಿ, ಅಂಚೆ ರಸೀದಿ ಜೋಪಾನ ಮಾಡಬೇಕು.

ಬರೆಸುವಾಗಲೇ ಬಿಡಿಸಿ ಬರೆಸಿ

‘ಸಹಕರಿಸತಕ್ಕದ್ದು’ ಅನ್ನೋ ಒಂದೇ ಪದ ಜಗಳಕ್ಕೆ ದಾರಿ. ಒಬ್ಬರಿಗೆ ಅದು ಸಹಿ ಹಾಕಿದರೆ ಸಾಕು ಅಂತ, ಇನ್ನೊಬ್ಬರಿಗೆ ಕಚೇರಿಯಿಂದ ಕಚೇರಿಗೆ ಓಡಾಡಬೇಕು ಅಂತ. ಅದರ ಬದಲು ನಾಲ್ಕು ವಿಷಯ ಬಿಡಿಸಿ ಬರೆಸಬೇಕು:

ಯಾವ ದಾಖಲೆ ಯಾರು ತರಬೇಕು: 11ಇ ನಕ್ಷೆ, ಇ-ಸ್ವತ್ತು, ಒಪ್ಪಿಗೆ ಪತ್ರ ಹೀಗೆ ಹೆಸರು ಹಿಡಿದು.

ಯಾವ ದಿನಾಂಕದೊಳಗೆ.

ಅದರ ಖರ್ಚು ಯಾರದ್ದು.

ತಡವಾದರೆ ಏನು: ಗಡುವು ಅಷ್ಟೇ ದಿನ ಮುಂದಕ್ಕೆ ಹೋಗುತ್ತಾ, ಅಡ್ವಾನ್ಸ್ ವಾಪಸ್ಸಾ, ಬಡ್ಡಿ ಉಂಟಾ.

ಈ ನಾಲ್ಕು ಸಾಲು ಸೇರಿಸೋಕೆ ಪತ್ರ ಬರಹಗಾರರಿಗೆ ಹತ್ತು ನಿಮಿಷದ ಕೆಲಸ. ಸಹಿಗೆ ಮುಂಚೆ ಕೂತು ಆ ಹತ್ತು ನಿಮಿಷ ಕೊಟ್ಟರೆ, ಆಮೇಲೆ ವಾಯಿದೆಯಿಂದ ವಾಯಿದೆಗೆ ಕೋರ್ಟಿಗೆ ಅಲೆಯೋದು ತಪ್ಪಬಹುದು.